ನೋಡುವವರ ಕಡಲತೀರ

ನಾಸಿಕದ ಅಂಬಡ್ ಕೈಗಾರಿಕಾ ವಸಾಹತಿನ ಆಚೀಚೆ ನೆಲೆಸಿರುವ ಕೆಲವು ಕನ್ನಡ ಕುಟುಂಬಗಳು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುವ ಪರಿಪಾಠವಿದೆ. ಒಬ್ಬರು ಪುಸ್ತಕದ ಬಗ್ಗೆ ಮಾತನಾಡುತ್ತಾರೆ, ಇನ್ನೊಬ್ಬರು ಊರಿನ ಸುದ್ದಿ ಹೇಳುತ್ತಾರೆ, ಕೊನೆಗೆ ಅವಲಕ್ಕಿ ಮತ್ತು ಚಹಾ. ಈಚಿನ ಒಂದು ಕೂಟದಲ್ಲಿ ಮಿತ್ರರೊಬ್ಬರು ತಮ್ಮ ಗ್ರೀಸ್ ಪ್ರವಾಸದ ಕಥೆ ಹೇಳಿದರು. ಕ್ರೀಟ್ ದ್ವೀಪದ ದಕ್ಷಿಣಕ್ಕೆ ಗಾವ್ಡೋಸ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಗೆ ಹಡಗಿನಲ್ಲಿ ಹೋಗಬೇಕು. ವರ್ಷವಿಡೀ ಅಲ್ಲೇ ಬಾಳುವ ಜನ ಬಹಳ ಕಡಿಮೆ. ಆಯಿಯೊಸ್ ಇಯೊನ್ನಿಸ್ ಎಂಬ ಕಡಲತೀರದಲ್ಲಿ ಜುನಿಪರ್ ಮರಗಳ ನೆರಳಿನಲ್ಲಿ ಡೇರೆ ಹಾಕಿಕೊಂಡು ಕೆಲವರು ದಿನಗಟ್ಟಲೆ ಇರುತ್ತಾರೆ. ಅಲ್ಲಿ ಬಟ್ಟೆ ತೊಟ್ಟವರೂ ಇರುತ್ತಾರೆ, ತೊಡದವರೂ ಇರುತ್ತಾರೆ.

ಮಿತ್ರರ ಮಾತು ಇಲ್ಲಿಗೆ ಬಂದಾಗ ಕೂಟದಲ್ಲಿ ನಗೆಯೆದ್ದಿತು. "ನೀವು ಯಾವ ಗುಂಪಿನವರು?" ಎಂದು ಒಬ್ಬರು ಕೇಳಿದರು. ಅವರು ನಗುತ್ತಲೇ, ತಾವು ಅಂಗಿಯ ಗುಂಡಿಯನ್ನು ಕೂಡ ಬಿಚ್ಚಲಿಲ್ಲವೆಂದರು. ಆಮೇಲೆ ಸ್ವಲ್ಪ ತಡೆದು ಹೇಳಿದ ಮಾತು ನಮ್ಮನ್ನು ಈ ಲೇಖನಕ್ಕೆ ಹಚ್ಚಿತು. "ಅಲ್ಲಿ ಮೊದಲ ಅರ್ಧ ಗಂಟೆ ನಾನು ಅವರನ್ನು ನೋಡಿದೆ. ನಾನು ನೋಡುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಾಯಿತು. ಅವರಿಗೆ ಗೊತ್ತಾಯಿತೆಂಬುದು ನನಗೂ ಗೊತ್ತಾಯಿತು. ಆ ತೀರದಲ್ಲಿ ನಾಚಿಕೆಪಟ್ಟವನು ಬಟ್ಟೆ ತೊಟ್ಟಿದ್ದ ನಾನೊಬ್ಬನೇ."

ನಗು ನಿಂತಿತು. ಹಿರಿಯರೊಬ್ಬರು, "ನಮ್ಮ ಕಡೆ ಇಂಥದ್ದು ಇಲ್ಲವಲ್ಲ" ಎಂದರು. "ಗೋಕರ್ಣ" ಎಂದು ಮೂಲೆಯಿಂದ ಯಾರೋ ಅಂದರು. ನಾವು ಮಾತನಾಡಲಿಲ್ಲ. ಗೋಕರ್ಣದ ಬಗ್ಗೆ ನಮಗೆ ಗೊತ್ತಿದ್ದದ್ದನ್ನು ಅಂದು ಹೇಳುವ ಧೈರ್ಯವಾಗಲಿಲ್ಲ. ಈಗ ಹೇಳುತ್ತಿದ್ದೇವೆ.

ಗೋಕರ್ಣದ ಭೂಗೋಳವನ್ನು ಬಲ್ಲವರಿಗೆ ವಿವರ ಬೇಡ. ಬಲ್ಲದವರಿಗಾಗಿ ಎರಡು ಮಾತು. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಈ ಕ್ಷೇತ್ರದಲ್ಲಿ ಮಹಾಬಲೇಶ್ವರನ ಆತ್ಮಲಿಂಗವಿದೆ. ದೇವಸ್ಥಾನದ ಪಶ್ಚಿಮಕ್ಕೆ ಊರಿನ ಸಮುದ್ರ. ಅಲ್ಲಿಂದ ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಮತ್ತೊಂದು ಗುಡ್ಡದ ಆಚೆ ಓಂ, ಅದರಾಚೆ ಹಾಫ್ ಮೂನ್, ಕಡೆಗೆ ಪ್ಯಾರಡೈಸ್. ಒಂದೊಂದು ಗುಡ್ಡ ದಾಟಿದ ಹಾಗೆ ಜನ ಕಡಿಮೆ, ಬಂಡೆ ಜಾಸ್ತಿ. ಕೊನೆಯ ಎರಡಕ್ಕೆ ವಾಹನದ ದಾರಿಯಿಲ್ಲ. ಕಾಲುದಾರಿಯಲ್ಲಿ ನಡೆಯಬೇಕು ಇಲ್ಲವೇ ದೋಣಿಯಲ್ಲಿ ಹೋಗಬೇಕು. ಗೋವೆಯ ಗದ್ದಲ ಬೇಡವೆನಿಸಿದ ವಿದೇಶಿ ಯಾತ್ರಿಕರು ದಶಕಗಳಿಂದ ಇಲ್ಲಿಗೆ ಬಂದು ವಾರಗಟ್ಟಲೆ ಉಳಿದದ್ದು ಈ ಏಕಾಂತಕ್ಕಾಗಿಯೇ. ಅವರಲ್ಲಿ ಕೆಲವರು ಬಟ್ಟೆಯಿಲ್ಲದೆ ಈಜುತ್ತಿದ್ದರು, ಬಿಸಿಲಿಗೆ ಮಲಗುತ್ತಿದ್ದರು. ಕಾನೂನು ಇದಕ್ಕೆ ಎಂದೂ ಒಪ್ಪಿಗೆ ಕೊಟ್ಟಿರಲಿಲ್ಲ. ಏಕಾಂತವೇ ಒಪ್ಪಿಗೆಯಾಗಿತ್ತು.

2002ರಲ್ಲಿ ನಾವು ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೆವು. ಒಂದು ಶನಿವಾರ ಆರು ಜನ ಸಹಪಾಠಿಗಳು ಬಸ್ಸು ಹತ್ತಿ ಗೋಕರ್ಣಕ್ಕೆ ಹೋದೆವು. ಮನೆಯವರಿಗೆ ದೇವರ ದರ್ಶನವೆಂದು ಹೇಳಿದ್ದೆವು. ದರ್ಶನವನ್ನೂ ಮಾಡಿದೆವು. ಗಂಡಸರು ಅಂಗಿ ಕಳಚಿ ಒಳಗೆ ಹೋಗಬೇಕೆಂಬ ನಿಯಮದಂತೆ ಬರಿಮೈಯಲ್ಲಿ ಲಿಂಗವನ್ನು ಮುಟ್ಟಿ ಬಂದೆವು. ಆಮೇಲೆ ಅಂಗಿ ತೊಟ್ಟು ಮೂರು ಗುಡ್ಡ ದಾಟಿ ಹಾಫ್ ಮೂನ್‌ಗೆ ನಡೆದೆವು. ಹೋದದ್ದು ಈಜಲಿಕ್ಕಲ್ಲ. ನಮ್ಮಲ್ಲೊಬ್ಬ ತನ್ನ ಸೋದರಮಾವನ ದುರ್ಬೀನನ್ನು ತಂದಿದ್ದ. ಬಂಡೆಗಳ ಹಿಂದೆ ಕುಳಿತು ಸರದಿಯ ಮೇಲೆ ಅದನ್ನು ಕಣ್ಣಿಗೆ ಹಿಡಿದೆವು. ಆ ತಿಂಗಳು ತರಗತಿಯಲ್ಲಿ ಡಿ.ಎಚ್. ಲಾರೆನ್ಸನ ಕಾದಂಬರಿ ನಡೆಯುತ್ತಿತ್ತು. ದೇಹದ ಪಾವಿತ್ರ್ಯದ ಬಗ್ಗೆ ನಾವೆಲ್ಲ ದೊಡ್ಡ ದೊಡ್ಡ ಉತ್ತರಗಳನ್ನು ಬರೆದುಕೊಂಡಿದ್ದೆವು.

ತೀರದಲ್ಲಿ ಒಂದು ವಿದೇಶಿ ಜೋಡಿ ಇತ್ತು. ಇಬ್ಬರೂ ನಡುವಯಸ್ಕರು. ಹೆಂಗಸು ನೀರಿನಿಂದ ಮೇಲೆ ಬರುವಾಗ ದುರ್ಬೀನಿನ ಗಾಜು ಬಿಸಿಲಿಗೆ ಮಿಂಚಿರಬೇಕು, ಅವಳು ನಮ್ಮ ಕಡೆ ತಿರುಗಿದಳು. ಕೂಗಲಿಲ್ಲ, ಬಯ್ಯಲಿಲ್ಲ. ಮರಳಿನ ಮೇಲಿದ್ದ ಬಟ್ಟೆಯನ್ನು ಸುತ್ತಿಕೊಂಡಳು. ಗಂಡನಿಗೆ ಏನೋ ಹೇಳಿದಳು. ಇಬ್ಬರೂ ಚಾಪೆ ಮಡಚಿ, ಚೀಲ ಹೆಗಲಿಗೇರಿಸಿ, ನಾವು ಬಂದ ದಾರಿಯಲ್ಲೇ, ನಮ್ಮ ಬಂಡೆಯ ಪಕ್ಕದಲ್ಲೇ ಹಾದು ಹೋದರು. ನಮ್ಮ ಮುಖ ನೋಡಲಿಲ್ಲ. ಇಡೀ ಕಡಲತೀರವನ್ನು ನಮಗೆ ಬಿಟ್ಟುಕೊಟ್ಟರು. ಆರು ಜನ ಅದನ್ನು ಪಡೆದುಕೊಂಡು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಕುಳಿತು ಎದ್ದು ಬಂದೆವು. ಬಸ್ಸಿನಲ್ಲಿ ಜೋರಾಗಿ ನಕ್ಕೆವು. ಆ ನಗು ಎಷ್ಟು ಹೊತ್ತು ಉಳಿಯಿತೆಂಬುದು ನೆನಪಿಲ್ಲ. ಅವಳು ಹಾದುಹೋದ ರೀತಿ ಮಾತ್ರ ನೆನಪಿದೆ.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ನಗ್ನತೆಯ ಮಾತು ಬಂದಾಗಲೆಲ್ಲ ನಾವು ಕನ್ನಡಿಗರು ಎರಡು ಸಿದ್ಧ ವಾಕ್ಯಗಳನ್ನು ಹೊರತೆಗೆಯುತ್ತೇವೆ. ಒಂದು, ಇದು ನಮ್ಮ ಸಂಸ್ಕೃತಿಯಲ್ಲ. ಇನ್ನೊಂದು, ನಗ್ನತೆಯನ್ನು ಪೂಜಿಸಿದ ಸಂಸ್ಕೃತಿ ನಮ್ಮದು. ವಿಚಿತ್ರವೆಂದರೆ ಒಬ್ಬರೇ ಒಂದೇ ಸಂಜೆ ಎರಡನ್ನೂ ಹೇಳಬಲ್ಲರು. ಎರಡನ್ನೂ ಸ್ವಲ್ಪ ಪರೀಕ್ಷಿಸಿ ನೋಡಬೇಕು.

ಎರಡನೆಯದನ್ನೇ ಮೊದಲು ತೆಗೆದುಕೊಳ್ಳೋಣ. ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನು ಶ್ರವಣಬೆಳಗೊಳದ ಬೆಟ್ಟದ ಮೇಲೆ ಸುಮಾರು 58 ಅಡಿಯ ಗೊಮ್ಮಟನನ್ನು ಕಡೆಸಿದ. ಕಾರ್ಕಳದಲ್ಲಿ 1432ರಲ್ಲಿ, ವೇಣೂರಿನಲ್ಲಿ 1604ರಲ್ಲಿ ಮತ್ತೆರಡು ಮೂರ್ತಿಗಳೆದ್ದವು. 2018ರ ಮಹಾಮಸ್ತಕಾಭಿಷೇಕಕ್ಕೆ ಹೋದ ಲಕ್ಷಾಂತರ ಜನರಲ್ಲಿ ಮಕ್ಕಳ ಕಣ್ಣಿಗೆ ಕೈ ಅಡ್ಡ ಹಿಡಿದವರು ಯಾರೂ ಇರಲಿಕ್ಕಿಲ್ಲ. ನಾವಿರುವ ನಾಸಿಕ ಜಿಲ್ಲೆಯಲ್ಲಿಯೂ ಹೀಗೆಯೇ. ಮಾಂಗಿ-ತುಂಗಿ ಬೆಟ್ಟದಲ್ಲಿ 2016ರಲ್ಲಿ ಪ್ರತಿಷ್ಠೆಯಾದ 108 ಅಡಿಯ ಋಷಭದೇವ ನಿರಂಬರನಾಗಿಯೇ ನಿಂತಿದ್ದಾನೆ. ವೇರೂಳದ ಜೈನ ಗುಹೆಗಳಲ್ಲಿ ಬಳ್ಳಿ ಹಬ್ಬಿದ ಬಾಹುಬಲಿಯನ್ನು ಕಂಡಾಗ ಊರಿನವನೊಬ್ಬ ಎದುರಾದಂತಾಗುತ್ತದೆ. ಇನ್ನು 2027ರ ಸಿಂಹಸ್ಥ ಕುಂಭಕ್ಕೆ ನಾಸಿಕ ಸಿದ್ಧವಾಗುತ್ತಿದೆ. ವೈಷ್ಣವ ಅಖಾಡಗಳು ನಾಸಿಕದ ರಾಮಕುಂಡದಲ್ಲಿ ಮೀಯುತ್ತವೆ, ಶೈವ ಅಖಾಡಗಳು ತ್ರ್ಯಂಬಕದ ಕುಶಾವರ್ತದಲ್ಲಿ. ನಾಗಾ ಸಾಧುಗಳು ಬೂದಿಯನ್ನಷ್ಟೇ ತೊಟ್ಟು ಬರುವುದು ತ್ರ್ಯಂಬಕಕ್ಕೆ. ಅವರಿಗಾಗಿ ಸರ್ಕಾರವೇ ದಾರಿ ತೆರವುಗೊಳಿಸುತ್ತದೆ, ಪೊಲೀಸರು ಕೈಮುಗಿಯುತ್ತಾರೆ.

ಈ ಪರಂಪರೆಗೆ ಗ್ರೀಕರೂ ಸಾಕ್ಷಿ. ಅಲೆಕ್ಸಾಂಡರನ ಜೊತೆ ಬಂದ ಒನೆಸಿಕ್ರಿಟಸ್ ತಕ್ಷಶಿಲೆಯ ಬಳಿ ಬೆತ್ತಲೆ ತಪಸ್ವಿಗಳನ್ನು ಕಂಡು ಮಾತನಾಡಿಸಲು ಹೋದನಂತೆ. ಮೇಲಂಗಿ, ಟೊಪ್ಪಿಗೆ, ಬೂಟುಗಳಲ್ಲಿ ಬಂದವನನ್ನು ನೋಡಿ ಕಲನೋಸ್ ಎಂಬ ತಪಸ್ವಿ ನಕ್ಕನಂತೆ. ನನ್ನ ಮಾತು ಬೇಕಿದ್ದರೆ ಬಟ್ಟೆ ಕಳಚಿ ಈ ಕಲ್ಲುಗಳ ಮೇಲೆ ಬಾ ಎಂದನಂತೆ. ಇದನ್ನು ಸ್ಟ್ರಾಬೊ ಬರೆದಿಟ್ಟಿದ್ದಾನೆ. ಅಂದು ಗ್ರೀಕನೊಬ್ಬ ಭಾರತದ ನಗ್ನರ ಮುಂದೆ ಮುಜುಗರಪಟ್ಟ. ಇಂದು ನಮ್ಮ ಮಿತ್ರರು ಗ್ರೀಸಿನ ಮರಳಿನ ಮೇಲೆ ಮುಜುಗರಪಟ್ಟು ಬಂದಿದ್ದಾರೆ. ಲೆಕ್ಕ ಚುಕ್ತಾ ಆಯಿತೆನ್ನಬಹುದು.

ಆದರೆ ಈ ಪಟ್ಟಿಯನ್ನು ಮತ್ತೊಮ್ಮೆ ಓದಿದರೆ ಒಂದು ಸಂಗತಿ ಕಾಣುತ್ತದೆ. ಇವರೆಲ್ಲ ಗಂಡಸರು. ಗೊಮ್ಮಟ ಗಂಡಸು. ದಿಗಂಬರ ಮುನಿಗಳು ಗಂಡಸರು, ಆ ಸಂಪ್ರದಾಯದ ಆರ್ಯಿಕೆಯರು ಬಿಳಿಯ ಸೀರೆ ಉಡುತ್ತಾರೆ. ತ್ರ್ಯಂಬಕದ ಮೆರವಣಿಗೆಯಲ್ಲಿ ನಮ್ಮ ಕಣ್ಣಿಗೆ ಬೀಳುವ ನಗ್ನರೂ ಗಂಡಸರೇ. ಜಿಮ್ನೇಶಿಯಂ ಎಂಬ ಶಬ್ದದೊಳಗೆ ಬೆತ್ತಲೆ ಎಂಬ ಗ್ರೀಕ್ ಪದವಿದೆ, ಬಟ್ಟೆಯಿಲ್ಲದೆ ವ್ಯಾಯಾಮ ಮಾಡುವ ಜಾಗವೆಂದು ಅರ್ಥ. ಆ ಪ್ರಾಚೀನ ಗ್ರೀಸಿನ ಒಲಿಂಪಿಯಾದಲ್ಲಿ ವಿವಾಹಿತ ಸ್ತ್ರೀಯರಿಗೆ ಪ್ರೇಕ್ಷಕರಾಗಿ ಕೂಡ ಪ್ರವೇಶವಿರಲಿಲ್ಲ. ಗಂಡಸಿನ ನಗ್ನತೆ ತ್ಯಾಗವಾಗಬಲ್ಲದು, ಶೌರ್ಯವಾಗಬಲ್ಲದು, ಶಿಲ್ಪವಾಗಬಲ್ಲದು. ಹೆಂಗಸಿನ ನಗ್ನತೆಗೆ ನಮ್ಮ ಸಮಾಜ ಯಾವ ಹೆಸರು ಇಟ್ಟಿದೆ?

ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯ ಮಹಾದೇವಿ ಈ ಪ್ರಶ್ನೆಯನ್ನು ತನ್ನ ಮೈಯಿಂದಲೇ ಕೇಳಿದಳು. ಅವಳು ಕಲ್ಯಾಣಕ್ಕೆ ಬಂದಾಗ ನಡೆದದ್ದನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಎಲ್ಲವನ್ನೂ ಬಿಟ್ಟವಳು ಕೂದಲಿನಿಂದ ಮೈ ಮರೆಮಾಡಿಕೊಂಡದ್ದೇಕೆ ಎಂದು ಅಲ್ಲಮ ಪರೀಕ್ಷಿಸುತ್ತಾನೆ. ಅವಳ ಉತ್ತರದ ಸಾರವಿಷ್ಟು: ಆ ಮರೆ ತನಗಾಗಿ ಅಲ್ಲ, ನೋಡುವವರು ನೊಂದಾರೆಂಬ ಕಾರಣಕ್ಕೆ. ನಮ್ಮ ಮಟ್ಟಿಗೆ ಇದು ಅನುಭವ ಮಂಟಪದ ಅತ್ಯಂತ ಕಠಿಣವಾದ ಮಾತು. ಅಲ್ಲಿದ್ದವರೆಲ್ಲ ಶರಣರು. ಅವರ ನಡುವೆಯೂ ಅವಳು ನೋಡುವ ಕಣ್ಣಿನ ಲೆಕ್ಕ ಇಟ್ಟುಕೊಳ್ಳಬೇಕಾಯಿತು. ನಾವು ಅವಳ ವೈರಾಗ್ಯವನ್ನು ಎಂಟುನೂರು ವರ್ಷ ಹಾಡಿದೆವು, ಆ ಲೆಕ್ಕವನ್ನು ಮಾತ್ರ ಅವಳ ಮೇಲೆಯೇ ಬಿಟ್ಟೆವು.

ಇನ್ನು ಮೊದಲನೆಯ ವಾಕ್ಯ, ಇದು ನಮ್ಮ ಸಂಸ್ಕೃತಿಯಲ್ಲ ಎಂಬುದು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯನ್ನು ನೆನೆಯದೆ ಇದಕ್ಕೆ ಉತ್ತರವಿಲ್ಲ. ಹರಕೆ ಹೊತ್ತ ಹೆಂಗಸರು, ಗಂಡಸರು, ಮಕ್ಕಳು ವರದಾ ನದಿಯಲ್ಲಿ ಮಿಂದು, ಬೆತ್ತಲೆಯಾಗಿ ನಡೆದು ರೇಣುಕಾಂಬೆಯ ಗುಡಿಗೆ ಬರುತ್ತಿದ್ದರು. ಹೆಚ್ಚಿನವರು ಬಡವರು, ದಲಿತರು, ಹಿಂದುಳಿದ ಜಾತಿಗಳವರು. ಅವರನ್ನು ನೋಡಲೆಂದೇ ಬರುವವರ ಗುಂಪೂ ಇರುತ್ತಿತ್ತು, ಅವರ ಕೈಯಲ್ಲಿ ಕ್ಯಾಮೆರಾಗಳೂ ಇರುತ್ತಿದ್ದವು. 1986ರ ಮಾರ್ಚಿಯಲ್ಲಿ ದಲಿತ ಸಂಘರ್ಷ ಸಮಿತಿಯವರೂ ಇತರ ಕಾರ್ಯಕರ್ತರೂ ಇದನ್ನು ತಡೆಯಲು ಹೋದಾಗ ಗಲಭೆಯಾಯಿತು. ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಜನ ಬಿದ್ದರು. ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತು ನಡೆಸಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಯು.ಆರ್. ಅನಂತಮೂರ್ತಿಯವರು 'ಬೆತ್ತಲೆ ಪೂಜೆ ಯಾಕೆ ಕೂಡದು' ಎಂಬ ಪ್ರಸಿದ್ಧ ಪ್ರಬಂಧ ಬರೆದರು. ವಿಚಾರವಂತನೊಬ್ಬ ಭಕ್ತರ ನಂಬಿಕೆಯ ಎದುರು ನಿಂತಾಗ ಹುಟ್ಟುವ ಇಬ್ಬಂದಿ ಅದರಲ್ಲಿದೆ.

ನಾವು ಆ ನಿಷೇಧದ ಪರ. ಹರಕೆಯೆಂಬ ಭಯದಿಂದ ಕಳಚಿದ ಬಟ್ಟೆ ಸ್ವಾತಂತ್ರ್ಯವಲ್ಲ. ಆದರೆ ಚಂದ್ರಗುತ್ತಿಯ ಆ ದಿನವನ್ನು ಓದುವಾಗ ನಮ್ಮನ್ನು ಕಾಡುವುದು ಬೇರೆಯೇ ಒಂದು ಅಂಶ. ತಮ್ಮ ಬೆತ್ತಲೆ ಪವಿತ್ರವೆಂದು ನಂಬಿದ ಗುಂಪಿಗೆ ಇನ್ನೊಬ್ಬ ಹೆಣ್ಣನ್ನು ಬೆತ್ತಲೆ ಮಾಡುವುದು ಶಿಕ್ಷೆಯೆಂದು ಚೆನ್ನಾಗಿ ಗೊತ್ತಿತ್ತು. ಒಂದೇ ನದಿಯ ದಡದಲ್ಲಿ, ಒಂದೇ ಗಂಟೆಯಲ್ಲಿ, ಒಂದೇ ಸ್ಥಿತಿ ಒಬ್ಬರಿಗೆ ಸೇವೆ, ಇನ್ನೊಬ್ಬರಿಗೆ ಅವಮಾನ. ವ್ಯತ್ಯಾಸ ಮೈಯಲ್ಲಿರಲಿಲ್ಲ. ಯಾರ ಇಚ್ಛೆ ನಡೆಯಿತು ಎಂಬುದರಲ್ಲಿತ್ತು.

2023ರ ಡಿಸೆಂಬರಿನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿಯಲ್ಲಿ ಮಗ ಪ್ರೀತಿಸಿದವಳೊಡನೆ ಊರು ಬಿಟ್ಟನೆಂಬ ಕಾರಣಕ್ಕೆ ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿದರು. ಹೈಕೋರ್ಟು ಪ್ರಕರಣವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಊರಿನವರು ನೋಡುತ್ತ ನಿಂತರು, ಬಿಡಿಸಲು ಮುಂದೆ ಬಂದವನು ಒಬ್ಬನೇ ಎಂಬುದು ನ್ಯಾಯಾಲಯದ ಮನಸ್ಸನ್ನು ಕಲಕಿತು. ಅಲ್ಲಿಯೂ ನೋಡುತ್ತ ನಿಂತವರು. ನಮ್ಮ ಸಂಸ್ಕೃತಿಯಲ್ಲಿ ನಗ್ನತೆ ಇಲ್ಲವೆನ್ನುವವರು ಈ ನಿಂತ ಗುಂಪನ್ನು ಯಾವ ಸಂಸ್ಕೃತಿಗೆ ಸೇರಿಸುತ್ತಾರೆ?

ಗೋಕರ್ಣದ ಸುತ್ತಲಿನ ಹಾಲಕ್ಕಿ ಒಕ್ಕಲಿಗರ ಕಥೆಯನ್ನೂ ಇಲ್ಲಿಯೇ ಹೇಳಬೇಕು. ಹಾಲಕ್ಕಿ ಹೆಂಗಸರ ಸಾಂಪ್ರದಾಯಿಕ ಉಡುಪಿನಲ್ಲಿ ರವಿಕೆಯಿಲ್ಲ. ಸೀರೆಯನ್ನು ಕುತ್ತಿಗೆಗೆ ಬಿಗಿದು ಕಟ್ಟಿ, ಕೊರಳ ತುಂಬ ಮಣಿಸರಗಳನ್ನು ಹೇರಿಕೊಳ್ಳುತ್ತಾರೆ. ಹೆಗಲು, ತೋಳು ಬರಿದು. ಶತಮಾನಗಳ ಕಾಲ ಅವರು ಹೀಗೆಯೇ ಗದ್ದೆಯಲ್ಲಿ ದುಡಿದರು, ಸಂತೆಯಲ್ಲಿ ತರಕಾರಿ ಮಾರಿದರು. ಅದು ನಗ್ನತೆಯಲ್ಲ, ಉಡುಗೆ. ಅದನ್ನು ಅರೆಬೆತ್ತಲೆ ಎಂದು ಕರೆದದ್ದು ಪೇಟೆಯ ಕಣ್ಣು. ಆ ಕಣ್ಣಿಗೆ ಹೆದರಿ ಎಳೆಯರು ರವಿಕೆ ತೊಟ್ಟರು. ತುಳಸಿ ಗೌಡರು ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ, ಅದೇ ಸೀರೆಯಲ್ಲಿ, ಅದೇ ಮಣಿಸರಗಳಲ್ಲಿ ನಡೆದು ಹೋದಾಗ ದೇಶವೆಲ್ಲ ಮೆಚ್ಚಿತು. ಮೆಚ್ಚಿದ್ದು ಸರಿಯೇ. ಆದರೆ ಅಂಕೋಲೆಯ ಸಂತೆಯಲ್ಲಿ ಅದೇ ಉಡುಪಿನ ಹೆಂಗಸಿನ ಮುಂದೆ ಫೋನು ಹಿಡಿಯುವ ಪ್ರವಾಸಿಗೆ ಆ ಮೆಚ್ಚುಗೆ ತಲುಪಿಲ್ಲ.

ಹಾಗೆಂದು ಬಟ್ಟೆ ಕಳಚುವುದೇ ಮುಕ್ತಿ ಎನ್ನುವವರ ಪಕ್ಷ ನಮ್ಮದಲ್ಲ. ತಿರುವಾಂಕೂರಿನಲ್ಲಿ ಚಾನ್ನಾರ್ ಹೆಂಗಸರು ಮೇಲ್ಮೈ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೊಡೆತ ತಿಂದರು, 1859ರಲ್ಲಿ ಅದು ದಕ್ಕಿತು. ಅವರಿಗೆ ಬಟ್ಟೆಯೇ ಸ್ವಾತಂತ್ರ್ಯ. 2004ರ ಜುಲೈಯಲ್ಲಿ ಇಂಫಾಲದ ಕಾಂಗ್ಲಾ ಕೋಟೆಯ ಮುಂದೆ ಮಣಿಪುರದ ಹನ್ನೆರಡು ತಾಯಂದಿರು ಬಟ್ಟೆ ಕಳಚಿ ನಿಂತರು. ಅವರಿಗೆ ಬೆತ್ತಲೆಯೇ ಮಾತು. ಎರಡು ಕಡೆಯೂ ಹೆಂಗಸರು ಕೇಳಿದ್ದು ಒಂದನ್ನೇ, ನಮ್ಮ ಮೈಯ ಮೇಲಿನ ತೀರ್ಮಾನ ನಮ್ಮದಾಗಲಿ.

ಸರ್ಕಾರಿ ನೌಕರರಾದ ನಮಗೆ ಕಲಮುಗಳನ್ನು ಓದುವ ಚಾಳಿಯಿದೆ. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ವರ್ತನೆಗೆ ಭಾರತೀಯ ದಂಡ ಸಂಹಿತೆಯ 294ನೆಯ ಕಲಮಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 296. ಮೂರು ತಿಂಗಳವರೆಗೆ ಸೆರೆವಾಸ. ಅದರಲ್ಲಿ ಒಂದು ಷರತ್ತಿದೆ, ವರ್ತನೆ ಇತರರಿಗೆ ಕಿರಿಕಿರಿ ಉಂಟುಮಾಡಿರಬೇಕು. ಹಾಗಾದರೆ ಮೂರು ಗುಡ್ಡ ದಾಟಿ, ಬಂಡೆಯ ಹಿಂದೆ ಅಡಗಿ, ದುರ್ಬೀನು ಹಿಡಿದು ಕಿರಿಕಿರಿಪಟ್ಟವರನ್ನು ಏನೆನ್ನಬೇಕು? ಬೆತ್ತಲೆಯೆಲ್ಲ ಅಶ್ಲೀಲವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಹೇಳಿತು. 2023ರಲ್ಲಿ ಕೇರಳ ಹೈಕೋರ್ಟು ರೆಹಾನಾ ಫಾತಿಮಾ ಪ್ರಕರಣದಲ್ಲಿ ಅದನ್ನೇ ಮತ್ತೊಮ್ಮೆ ಹೇಳಿತು. ಇನ್ನೊಂದು ಕಡೆ, ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ತೆಗೆಯುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಮೂರು ವರ್ಷದವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಮೂರು ವರ್ಷ. ಕಾನೂನಿನ ತಕ್ಕಡಿ ಯಾವ ಕಡೆ ತೂಗುತ್ತದೆ ಎಂಬುದು ಸ್ಪಷ್ಟ. ಕಡಲತೀರಗಳ ಫಲಕಗಳಲ್ಲಿ ಮಾತ್ರ ಬಟ್ಟೆ ಕಳಚುವವರಿಗೆ ಎಚ್ಚರಿಕೆ ಕಂಡಿದ್ದೇವೆ, ಫೋನು ಎತ್ತುವವರಿಗೆ ಎಚ್ಚರಿಕೆಯನ್ನು ಎಲ್ಲೂ ಕಾಣಲಿಲ್ಲ.

ಈ ವಿಷಯದಲ್ಲಿ ನಮ್ಮ ವೃತ್ತಿಯ ಪೂರ್ವಿಕನೊಬ್ಬನಿದ್ದಾನೆ. 1891ರಲ್ಲಿ ಇಲ್ಲಿಂದ ಅಷ್ಟೇನೂ ದೂರವಿಲ್ಲದ ಠಾಣೆಯಲ್ಲಿ ಚಾರ್ಲ್ಸ್ ಕ್ರಾಫರ್ಡ್ ಎಂಬ ಜಿಲ್ಲಾ ನ್ಯಾಯಾಧೀಶ 'ಫೆಲೋಶಿಪ್ ಆಫ್ ದಿ ನೇಕೆಡ್ ಟ್ರಸ್ಟ್' ಎಂಬ ಸಂಘ ಕಟ್ಟಿದ. ಆಧುನಿಕ ನಗ್ನತಾವಾದಿ ಸಂಘಗಳಲ್ಲಿ ಇದನ್ನು ಮೊದಲನೆಯದೆಂದು ಹಲವರು ಎಣಿಸುತ್ತಾರೆ. ಸದಸ್ಯರು ಮೂವರೇ, ಮೂವರೂ ಗಂಡಸರೇ. ಮಾಥೇರಾನಿನಲ್ಲಿ, ತುಳಸಿ ಕೆರೆಯ ಬಳಿ ಸೇರುತ್ತಿದ್ದರು. ಮರುವರ್ಷ ನ್ಯಾಯಾಧೀಶನಿಗೆ ರತ್ನಾಗಿರಿಗೆ ವರ್ಗವಾಯಿತು, ಸಂಘ ಮುಗಿಯಿತು. ವರ್ಗಾವಣೆಯ ಆದೇಶದ ಮುಂದೆ ಯಾವ ತತ್ತ್ವವೂ ನಿಲ್ಲುವುದಿಲ್ಲ ಎಂಬುದನ್ನು ನಮ್ಮಂಥವರು ಬಲ್ಲೆವು. ಆದರೆ ಅವರು ಒಂದು ಮಾತು ಸರಿಯಾಗಿ ಕಂಡಿದ್ದರು. ಆ ಸಂಘದ ಹೆಸರಿನಲ್ಲಿರುವ ಟ್ರಸ್ಟ್ ಎಂಬ ಪದವನ್ನು ನಾವು ವಿಶ್ವಾಸ ಎಂದು ಓದುತ್ತೇವೆ. ಗಾವ್ಡೋಸಿನಲ್ಲಿ ನಮ್ಮ ಮಿತ್ರರು ಕಂಡದ್ದೂ ಮೈಗಳಿಗಿಂತ ಹೆಚ್ಚಾಗಿ ಈ ವಿಶ್ವಾಸವನ್ನೇ. ಪಕ್ಕದವರು ದಿಟ್ಟಿಸುವುದಿಲ್ಲವೆಂಬ ವಿಶ್ವಾಸ.

ಕಳೆದ ಡಿಸೆಂಬರಿನಲ್ಲಿ ಎಲ್‌ಟಿಸಿ ರಜೆ ಹಾಕಿ ನಾವು ಕುಟುಂಬದೊಡನೆ ಗೋಕರ್ಣಕ್ಕೆ ಹೋದೆವು. ನಾಸಿಕ್ ರೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ಕಾರವಾರದಲ್ಲಿಳಿದೆವು. ಮಗಳಿಗೆ ಹದಿನಾರು. ಅಂಬಡಿನಲ್ಲಿ ಬೆಳೆದವಳಿಗೆ ಕಾರ್ಖಾನೆಗಳ ಸೈರನ್ನು ಗೊತ್ತು, ಅಲೆಯ ಸದ್ದು ಗೊತ್ತಿಲ್ಲ. ಮೂರು ತಿಂಗಳು ಮೊದಲೇ ಈಜು ಕಲಿಯಲು ಸೇರಿದ್ದಳು. ಊರಿನ ತೀರದಲ್ಲಿ ಜನಜಂಗುಳಿಯೆಂದು ಓಂ ದಾಟಿ ಹಾಫ್ ಮೂನ್‌ಗೆ ನಡೆದೆವು. ಇಪ್ಪತ್ತು ವರ್ಷ ಮೀರಿದ ಮೇಲೆ ಅದೇ ಕಾಲುದಾರಿ. ಬಂಡೆಯನ್ನೂ ಗುರುತಿಸಿದೆವು. ಯಾರಿಗೂ ಹೇಳಲಿಲ್ಲ.

ಅವಳು ತೋಳಿನ ಟೀ ಶರ್ಟು, ಕಾಲು ಮುಚ್ಚುವ ಪ್ಯಾಂಟು ತೊಟ್ಟು ನೀರಿಗಿಳಿದಳು. ಸ್ವಲ್ಪ ದೂರದಲ್ಲಿ ಈಜುಡುಗೆಯಲ್ಲಿ ಒಂದು ವಿದೇಶಿ ಜೋಡಿ ಕುಳಿತಿತ್ತು. ಬೆತ್ತಲೆ ಯಾರೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ಪ್ರವಾಸಿ ದೋಣಿಯೊಂದು ಬಂಡೆಯ ಮಗ್ಗುಲಿನಿಂದ ಬಂದಿತು. ಹತ್ತು ಹದಿನೈದು ಹುಡುಗರು. ಕನ್ನಡ ಮಾತಾಡುತ್ತಿದ್ದರು, ನಮ್ಮದೇ ಸೀಮೆಯ ಕನ್ನಡ. ಊರು ಬಿಟ್ಟವರಿಗೆ ಆ ಧ್ವನಿ ಕಿವಿಗೆ ಬಿದ್ದರೆ ಸಾಮಾನ್ಯವಾಗಿ ಹೃದಯ ಅರಳುತ್ತದೆ. ಎಂಜಿನ್ನಿನ ವೇಗ ಕಡಿಮೆಯಾಯಿತು. ಫೋನುಗಳು ಎದ್ದವು. ಮೊದಲು ವಿದೇಶಿ ಹೆಂಗಸಿನ ಕಡೆ, ಆಮೇಲೆ ನೀರಿನಲ್ಲಿದ್ದ ನಮ್ಮ ಮಗಳ ಕಡೆ. ಯಾರೋ ಸಿಳ್ಳೆ ಹಾಕಿದರು. ನಾವು ಎದ್ದು ಕೂಗಿದೆವು. ಅವರು ನಕ್ಕರು. ಆ ನಗು ನಮಗೆ ಗೊತ್ತಿತ್ತು. ಬಸ್ಸಿನಲ್ಲಿ ನಕ್ಕವರು ನಾವೇ.

ಮಗಳು ನೀರಿನಿಂದ ಬಂದಳು. ಒದ್ದೆ ಬಟ್ಟೆಯ ಮೇಲೆ ಅಮ್ಮನ ದುಪಟ್ಟಾ ಹೊದ್ದು ಸಮುದ್ರಕ್ಕೆ ಬೆನ್ನು ಹಾಕಿ ಕುಳಿತಳು. ಸ್ವಲ್ಪ ಹೊತ್ತಿಗೆ "ಹೋಗೋಣ" ಎಂದಳು. ಇನ್ನೂ ಹನ್ನೊಂದು ಗಂಟೆ. ಚಾಪೆ ಮಡಚಿದೆವು. ಚೀಲ ಹೆಗಲಿಗೇರಿಸಿದೆವು. ಬಂದ ದಾರಿಯಲ್ಲಿ, ಅದೇ ಬಂಡೆಯ ಪಕ್ಕದಲ್ಲಿ ಹಾದು ಬಂದೆವು. ತೀರವನ್ನು ಬಿಟ್ಟುಕೊಟ್ಟು ಹೋಗುವುದು ಹೇಗಿರುತ್ತದೆಂಬುದು ಆ ಏರಿನಲ್ಲಿ ನಮಗೆ ತಿಳಿಯಿತು. ಕಲಮುಗಳ ಪುಸ್ತಕ ಅಲ್ಲಿ ಕೆಲಸಕ್ಕೆ ಬರಲಿಲ್ಲ. 66ಇ ಹೇಳುವುದು ಬೆತ್ತಲೆಯ ಅಥವಾ ಒಳ ಉಡುಪಿನ ಅಂಗಗಳ ಮಾತು. ಮೈತುಂಬ ಬಟ್ಟೆ ತೊಟ್ಟ ಹುಡುಗಿಯ ಕಡೆ ಎತ್ತಿದ ಫೋನು ಅದರ ಹೊರಗಿದೆ. ಹೆಣ್ಣಿನ ಮಾನಕ್ಕೆ ಭಂಗ ತರುವ ವರ್ತನೆಗೆ ಬೇರೆ ಕಲಮುಂಟು, ನಿಜ. ಆದರೆ ದೋಣಿ ಆಗಲೇ ಮುಂದಿನ ತೀರಕ್ಕೆ ಹೊರಟಾಗಿತ್ತು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಗೋಕರ್ಣದಲ್ಲಿ ಗಾವ್ಡೋಸಿನಂಥ ತೀರ ಬೇಕೆ ಎಂಬ ಚರ್ಚೆಗೆ ನಾವಿನ್ನೂ ಅರ್ಹರಾಗಿಲ್ಲ. ಅಲ್ಲಿ ಬಾಳುವ ಮೀನುಗಾರರ, ಒಕ್ಕಲಿಗರ ಮಾತನ್ನು ಮೊದಲು ಕೇಳಬೇಕು. ಮರಳು ಅವರ ಅಂಗಳ, ಬಂದವರು ಅದನ್ನು ಗೌರವಿಸಬೇಕು, ವಿದೇಶಿಯರೂ ಸಹ. ಆದರೆ ಬಟ್ಟೆ ತೊಟ್ಟವಳೂ ನೆಮ್ಮದಿಯಾಗಿ ಮೀಯಲಾಗದ ನೆಲದಲ್ಲಿ ಬಟ್ಟೆಯ ಅಳತೆಯ ಬಗ್ಗೆ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ತೀರದ ಫಲಕದಲ್ಲಿ ಒಂದು ಸಾಲು ಸೇರಲಿ, ಒಪ್ಪಿಗೆಯಿಲ್ಲದೆ ಯಾರ ಚಿತ್ರವನ್ನೂ ತೆಗೆಯಬಾರದೆಂದು. ಮೀಯುವವರಿಂದ ಇಷ್ಟು ದೂರದಲ್ಲಿರಬೇಕೆಂಬ ಷರತ್ತು ದೋಣಿಗಳ ಪರವಾನಗಿಯಲ್ಲಿರಲಿ. ಇವೆರಡೂ ಸರ್ಕಾರದ ಕೆಲಸ, ಹೆಚ್ಚು ಖರ್ಚಿಲ್ಲದವು.

ಮೂರನೆಯದು ಮನೆಯ ಕೆಲಸ. ಗಂಡು ಮಕ್ಕಳಿಗೆ ನಾವು ಗೊಮ್ಮಟನನ್ನು ತೋರಿಸುತ್ತೇವೆ, ಅಕ್ಕನ ಕಥೆ ಹೇಳುತ್ತೇವೆ. ಗೊಮ್ಮಟನ ಕಣ್ಣು ಯಾರನ್ನೂ ದಿಟ್ಟಿಸುವುದಿಲ್ಲ ಎಂಬುದನ್ನು ಹೇಳುವುದಿಲ್ಲ. ಅಕ್ಕ ಕೂದಲು ಹೊದ್ದದ್ದು ಯಾರ ದೆಸೆಯಿಂದ ಎಂಬುದನ್ನು ಹೇಳುವುದಿಲ್ಲ. ಹೇಳಬೇಕಾದವರು ತಂದೆಯರು, ಮತ್ತು ಹೇಳುವ ಮೊದಲು ತಾವು ಎಂದಾದರೂ ಬಂಡೆಯ ಹಿಂದೆ ಕುಳಿತದ್ದುಂಟೇ ಎಂದು ನೆನಪಿಸಿಕೊಳ್ಳಬೇಕು. ಈ ಲೇಖನವನ್ನು ಮಗಳಿಗೆ ಓದಲು ಕೊಡುತ್ತೇವೆ. ದುರ್ಬೀನಿನ ಭಾಗ ಅವಳಿಗೆ ಹೊಸದು.

ಬರುವ ರಜೆಯಲ್ಲಿ ಮತ್ತೆ ಹೋಗೋಣವೇ ಎಂದು ಮೊನ್ನೆ ಕೇಳಿದೆವು. ಹೋಗೋಣ, ಆದರೆ ಬೆಳಗ್ಗೆ ಆರಕ್ಕೇ ಅಲ್ಲಿರಬೇಕು ಎಂದಳು. ದೋಣಿಗಳು ಎಷ್ಟು ಗಂಟೆಗೆ ಶುರುವಾಗುತ್ತವೆಂದು ವಿಚಾರಿಸಿಕೊಂಡಿದ್ದಾಳೆ.